ಕೆನ್ಯಾ ಸಫಾರಿ, ಜೊತೆಗೆ ನೈರೋಬಿ, ಕೆರೆ, ಕಡಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮಸಾಯಿ ಮಾರಾ ಕಾಡು ನೋಡಬೇಕು, ಅಲ್ಲಿವರೆಗೆ ಹೋದಮೇಲೆ ಅಂಬೋಸೆಲಿ ಉದ್ಯಾನವನ್ನೂ ಮುಗಿಸಬೇಕು, ನಕುರು ಕೆರೆ ಬಿಡಬಾರದು, ಕೊನೆಗೆ ಎರಡು ದಿನ ಸಮುದ್ರ. ಕರ್ನಾಟಕದಿಂದ ಹೊರಡುವ ಬಹುಪಾಲು ಪಟ್ಟಿಗಳು ಹೀಗೇ ಇರುತ್ತವೆ. ಪಟ್ಟಿಯಲ್ಲಿ ತಪ್ಪಿಲ್ಲ. ಎಡವಟ್ಟಾಗುವುದು ರಾತ್ರಿಗಳನ್ನು ಹಂಚುವಾಗ.

ಒಟ್ಟು ಎಷ್ಟು ದಿನ ಇಟ್ಟುಕೊಳ್ಳಬೇಕು?

ಸಫಾರಿಗೆ ಕನಿಷ್ಠ ಆರು ರಾತ್ರಿ, ಕಡಲತೀರವೂ ಬೇಕೆಂದರೆ ಇನ್ನು ಮೂರು. ನೈರೋಬಿಯಲ್ಲಿ ಇಳಿದ ದಿನ ಮತ್ತು ಹೊರಡುವ ದಿನ ಇದಕ್ಕೆ ಸೇರಿಲ್ಲ. ಮಾರಾಗೆ ಮೂರು ರಾತ್ರಿ ಕೊಡಿ. ಎರಡೇ ರಾತ್ರಿ ಇದ್ದರೆ ಕೈಗೆ ಸಿಗುವುದು ಒಂದು ಪೂರ್ತಿ ದಿನ ಮಾತ್ರ. ಆ ದಿನ ಮಳೆ ಬಂತೋ, ಕಥೆ ಮುಗಿಯಿತು. ಅಂಬೋಸೆಲಿಗೆ ಎರಡು ರಾತ್ರಿ, ನೈವಾಶಾ ಕೆರೆ ಅಥವಾ ನಕುರುವಿಗೆ ಒಂದು ಸಾಕು. ಐದೇ ದಿನ ರಜೆ ಸಿಕ್ಕಿದ್ದರೆ ಅಂಬೋಸೆಲಿಯನ್ನು ಪಟ್ಟಿಯಿಂದ ತೆಗೆಯಿರಿ, ಮಾರಾದ ರಾತ್ರಿಗಳನ್ನು ಮುಟ್ಟಬೇಡಿ.

ಯಾವ ತಿಂಗಳು ಒಳ್ಳೆಯದು?

ದನದಂತೆ ಕಾಣುವ ವೈಲ್ಡ್‌ಬೀಸ್ಟ್ ಪ್ರಾಣಿಗಳ ಹಿಂಡುಗಳು ತಾಂಜಾನಿಯಾದ ಸೆರೆಂಗೆಟಿಯಿಂದ ಮಾರಾಗೆ ಸಾಮಾನ್ಯವಾಗಿ ಜುಲೈ ಹೊತ್ತಿಗೆ ಬಂದು ಅಕ್ಟೋಬರ್‌ವರೆಗೆ ಇರುತ್ತವೆ. ಜನಸಂದಣಿ ಮತ್ತು ದರ ನೆತ್ತಿಗೇರುವುದೂ ಆಗಲೇ. ಮಾರ್ಚ್ ಕೊನೆಯಿಂದ ಮೇವರೆಗೆ ದೊಡ್ಡ ಮಳೆ, ನವೆಂಬರ್‌ನಿಂದ ಡಿಸೆಂಬರ್ ನಡುವಿನವರೆಗೆ ಸಣ್ಣ ಮಳೆ. ನಮ್ಮ ಬೇಸಿಗೆ ರಜೆ ಆ ದೊಡ್ಡ ಮಳೆಯ ಮೇಲೇ ಬಂದು ಕೂರುತ್ತದೆ, ಅದೊಂದು ತೊಡಕು. ಜನವರಿ, ಫೆಬ್ರವರಿಯಲ್ಲಿ ವಲಸೆ ಹಿಂಡು ಇರುವುದಿಲ್ಲ, ಆದರೆ ಸಿಂಹ, ಚೀತಾ, ಆನೆಗಳು ಎಲ್ಲಿಗೂ ಹೋಗಿರುವುದಿಲ್ಲ. ಆಕಾಶ ತಿಳಿಯಾಗಿರುತ್ತದೆ, ಮಾರಾ ಪ್ರವೇಶ ಶುಲ್ಕವೂ ಅರ್ಧ. ವಲಸೆಯೇ ನೋಡಬೇಕೆಂಬ ಹಟ ಇಲ್ಲದವರಿಗೆ ನಮ್ಮ ಶಿಫಾರಸು ಇದೇ.

ಹಿಂಡು ನದಿ ದಾಟುವುದು ಕಾಣುತ್ತದೆ ಎಂದು ಖಾತ್ರಿ ಕೊಡುತ್ತಾರಲ್ಲ?

ಖಾತ್ರಿ ಕೊಡುವವರನ್ನು ನಂಬಬೇಡಿ. ಸಾವಿರಾರು ಪ್ರಾಣಿಗಳು ಮಾರಾ ನದಿಯ ದಂಡೆಗೆ ಬಂದು, ನೀರನ್ನು ಮೂಸಿ, ಮೂರು ಗಂಟೆ ಅಲ್ಲೇ ಸುಳಿದಾಡಿ, ಒಂದು ಜೀಬ್ರಾ ಬೆದರಿತೆಂದು ಎಲ್ಲವೂ ತಿರುಗಿ ಹೋಗುವುದು ಮಾಮೂಲು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮೂರು ರಾತ್ರಿ ಇದ್ದು, ಒಂದು ಇಡೀ ದಿನವನ್ನು ಊಟ ಕಟ್ಟಿಸಿಕೊಂಡು ನದಿಯ ಬಳಿ ಕಳೆಯಲು ತಯಾರಿದ್ದರೆ ಅವಕಾಶ ಹೆಚ್ಚು, ಅಷ್ಟೇ.

ಯಾವ ಕ್ರಮದಲ್ಲಿ ಸುತ್ತಬೇಕು?

ಅಂಬೋಸೆಲಿ ಮೊದಲು, ನಡುವೆ ಕೆರೆ, ಮಾರಾ ಕೊನೆಗೆ. ನಕಾಶೆಯಲ್ಲಿ ಅಂಬೋಸೆಲಿ ಮತ್ತು ಮಾರಾ ಎರಡೂ ತಾಂಜಾನಿಯಾ ಗಡಿಗೆ ಒತ್ತಿಕೊಂಡಂತೆ ಕಾಣುತ್ತವೆ, ಪಕ್ಕಪಕ್ಕದಲ್ಲಿವೆ ಎಂದು ಅನ್ನಿಸುತ್ತದೆ. ಆದರೆ ಗಡಿಗುಂಟ ಹೋಗುವ ಸಲೀಸಾದ ರಸ್ತೆ ಇಲ್ಲ. ಅಂಬೋಸೆಲಿಯಿಂದ ಸುಮಾರು ನಾಲ್ಕು ಗಂಟೆ ನೈರೋಬಿಗೆ, ನಗರದ ಟ್ರಾಫಿಕ್ ದಾಟಿ ಮತ್ತೆ ಐದಾರು ಗಂಟೆ ಮಾರಾಗೆ. ಒಂದೇ ದಿನದಲ್ಲಿ ಮಾಡಿಸುವವರಿದ್ದಾರೆ. ಸಂಜೆ ಗೇಟಿನ ಬಳಿ ತಲುಪುವಾಗ ಮಕ್ಕಳು ಅಳುತ್ತಿರುತ್ತಾರೆ, ದೊಡ್ಡವರು ಸೊಂಟ ಹಿಡಿದುಕೊಂಡಿರುತ್ತಾರೆ. ನೈವಾಶಾದಲ್ಲಿ ಒಂದು ರಾತ್ರಿ ತಂಗಿದರೆ ಈ ದಿನ ಎರಡಾಗಿ ಒಡೆಯುತ್ತದೆ.

ಮಾರಾ ಕೊನೆಗೇಕೆ? ಎರಡು ಕಾರಣ. ಮಾರಾ ನೋಡಿದ ಮೇಲೆ ಉಳಿದದ್ದೆಲ್ಲ ಸಪ್ಪೆ ಅನ್ನಿಸುತ್ತದೆ ಎಂಬುದು ಒಂದು. ಇನ್ನೊಂದು, ಮಾರಾದ ಏರ್‌ಸ್ಟ್ರಿಪ್‌ಗಳಿಂದ ಡಿಯಾನಿ ಕಡಲತೀರಕ್ಕೆ ವಿಮಾನಗಳಿವೆ, ನೈರೋಬಿಗೆ ರಸ್ತೆಯಲ್ಲಿ ವಾಪಸ್ ಬರುವ ಒಂದು ದಿನ ಉಳಿಯುತ್ತದೆ.

ಮಾರಾಗೆ ರಸ್ತೆಯಲ್ಲಿ ಹೋಗುವುದೋ, ವಿಮಾನದಲ್ಲೋ?

ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮುಕ್ಕಾಲು ಗಂಟೆ. ಅಂತರರಾಷ್ಟ್ರೀಯ ವಿಮಾನಗಳು ಇಳಿಯುವ ಜೋಮೋ ಕೆನ್ಯಾಟಾ ನಿಲ್ದಾಣವೇ ಬೇರೆ, ವಿಲ್ಸನ್ನೇ ಬೇರೆ ಎಂಬುದು ನೆನಪಿರಲಿ. ಇಮಿಗ್ರೇಷನ್, ಲಗೇಜು, ಟ್ರಾಫಿಕ್ ಎಲ್ಲ ಸೇರಿ ಇವೆರಡರ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ. ಚಿಕ್ಕ ವಿಮಾನಗಳಲ್ಲಿ ಕೈಚೀಲವೂ ಸೇರಿ ತಲೆಗೆ 15 ಕಿಲೋ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಗಟ್ಟಿ ಸೂಟ್‌ಕೇಸ್ ತಂದರೆ ವಿಮಾನದ ಹೊಟ್ಟೆಯೊಳಗಿನ ಸಣ್ಣ ಗೂಡಿಗೆ ಅದು ಹಿಡಿಸುವುದೇ ಇಲ್ಲ. ಹೆಚ್ಚಿನ ಸಾಮಾನನ್ನು ನೈರೋಬಿಯ ಹೋಟೆಲಿನಲ್ಲಿ ಇಟ್ಟು ಹೋಗಬಹುದು.

ರಸ್ತೆಯಲ್ಲಾದರೆ ರಿಫ್ಟ್ ಕಣಿವೆಯ ಅಂಚಿನಿಂದ ಮಾಯಿ ಮಹಿಯುಗೆ ಇಳಿದು, ನಾರೋಕ್ ಮೂಲಕ ಮಾರಾದ ಸೆಕೆನಾನಿ ಗೇಟಿಗೆ. ಡಾಂಬರು ಚೆನ್ನಾಗಿದೆ; ಕುಲುಕಾಟ ಶುರುವಾಗುವುದು ಗೇಟಿನಿಂದ ಆಚೆ. ನಾಲ್ಕೈದು ಜನರ ಕುಟುಂಬಕ್ಕೆ ಗಾಡಿಯೇ ಅಗ್ಗ, ಏಕೆಂದರೆ ಅದೇ ಗಾಡಿ ಸಫಾರಿಗೂ ಆಗುತ್ತದೆ. ಹಿರಿಯರಿದ್ದರೆ ಹೋಗುವಾಗ ರಸ್ತೆ, ಬರುವಾಗ ವಿಮಾನ ಎಂದು ಒಂದು ಕಡೆಗಾದರೂ ಮಾಡಿಕೊಳ್ಳಿ.

ವ್ಯಾನ್ ಸಾಕೇ, ಲ್ಯಾಂಡ್ ಕ್ರೂಸರ್ ಬೇಕೇ?

ಮಾರಾದ ಬಹಳಷ್ಟು ಕಡೆ ನೆಲ ಎರೆಮಣ್ಣು. ಗದಗ, ವಿಜಯಪುರದ ಕಡೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ: ಒಣಗಿದಾಗ ಕಲ್ಲು, ಒಂದು ಹದ ಮಳೆ ಬಿದ್ದರೆ ಬೆಣ್ಣೆ. ಚಕ್ರದ ಸಂದಿಗಳೆಲ್ಲ ಮೆತ್ತಿಕೊಂಡು ಟಯರು ನುಣ್ಣಗಾಗುತ್ತದೆ, ಚಾಲಕ ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಕೆಳಗಿಳಿಯುತ್ತದೆ. ಛಾವಣಿ ಎತ್ತಬಹುದಾದ ಮಾಮೂಲು ವ್ಯಾನ್ ಒಣ ತಿಂಗಳುಗಳಲ್ಲಿ ನಡೆದೀತು. ಮಳೆಯ ಆಸುಪಾಸಿನಲ್ಲಿ ನಾಲ್ಕೂ ಚಕ್ರಕ್ಕೆ ಎಳೆತವಿರುವ ಲ್ಯಾಂಡ್ ಕ್ರೂಸರ್ ಇಲ್ಲದೆ ಹೊರಡಬೇಡಿ. ಸಿಕ್ಕಿಬಿದ್ದ ವ್ಯಾನನ್ನು ಎಳೆಯಲು ಇನ್ನೊಂದು ಗಾಡಿ ಬರುವವರೆಗೆ ಕೆಳಗಿಳಿಯುವಂತೆಯೂ ಇಲ್ಲ.

ಲ್ಯಾಂಡ್ ಕ್ರೂಸರ್‌ನಲ್ಲಿ ಏಳು ಸೀಟಿದ್ದರೂ ಆರು ಜನರಿಗಿಂತ ಹೆಚ್ಚು ಕೂರಿಸಬೇಡಿ. ಪ್ರತಿಯೊಬ್ಬರಿಗೂ ಕಿಟಕಿ ಸಿಗುತ್ತದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ. ಕಬಿನಿ, ಬಂಡೀಪುರದಲ್ಲಿ ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ ಎಂದು ಅರಣ್ಯ ಇಲಾಖೆಯ ಹೊತ್ತಿಗೆ ನಡೆಯುವ ಸಫಾರಿ ನೋಡಿದವರಿಗೆ ಇದು ಬೇರೆ ಲೋಕ. ಇಲ್ಲಿ ಗಾಡಿ ಇಡೀ ದಿನ ನಿಮ್ಮದೇ. ಬೆಳಗ್ಗೆ ಆರಕ್ಕೆ ಹೊರಟು, ಜಾಲಿ ಮರದ ನೆರಳಲ್ಲಿ ಬುತ್ತಿ ಬಿಚ್ಚಿ, ಸಂಜೆ ವಾಪಸಾಗಬಹುದು.

ಮಾರಾ ಪ್ರವೇಶ ಶುಲ್ಕ ಹೇಗೆ ಲೆಕ್ಕ ಹಾಕುತ್ತಾರೆ?

ಕೊಟೇಶನ್‌ಗಳಲ್ಲಿ ಹೆಚ್ಚಿನ ಗೊಂದಲ ಇಲ್ಲೇ. 2024ರಿಂದ ವಿದೇಶಿ ವಯಸ್ಕರಿಗೆ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. 9ರಿಂದ 17 ವರ್ಷದವರಿಗೆ 50 ಡಾಲರ್, ಅದಕ್ಕಿಂತ ಚಿಕ್ಕವರಿಗೆ ಉಚಿತ. ಟಿಕೆಟ್ ಬೆಳಗ್ಗೆ 6ರಿಂದ ಸಂಜೆ 6ರವರೆಗೆ, 24 ಗಂಟೆಯದ್ದಲ್ಲ. ಆಗಸ್ಟ್‌ನಲ್ಲಿ ಗಂಡ ಹೆಂಡತಿ ಮೂರು ದಿನ ಒಳಗೆ ಹೋದರೆ ಬರೀ ಪ್ರವೇಶಕ್ಕೇ 1,200 ಡಾಲರ್.

ಹಾಗಾಗಿ ಗೇಟಿನ ಹೊರಗಿನ ಕ್ಯಾಂಪಿನಲ್ಲಿ ಇಳಿದುಕೊಂಡಿದ್ದರೆ, ತಲುಪಿದ ದಿನ ಮಧ್ಯಾಹ್ನ ಮೂರೂವರೆಗೆ ಒಳಗೆ ಹೋಗಬೇಡಿ. ಎರಡೂವರೆ ಗಂಟೆಗೆ ಇಡೀ ದಿನದ ದುಡ್ಡು ಹೋಗುತ್ತದೆ. ಆ ಸಂಜೆ ಮಸಾಯಿ ಬುಡಕಟ್ಟಿನವರ ಹಳ್ಳಿ ನೋಡಿ, ಇಲ್ಲವೇ ಸುಮ್ಮನೆ ಮಲಗಿ. ಒಳಗಿನ ಲಾಡ್ಜಿನಲ್ಲಿದ್ದರೆ ಹೊರಡುವ ದಿನ ಬೆಳಗ್ಗೆ 10ರೊಳಗೆ ಗೇಟು ದಾಟಬೇಕು. ನಿಧಾನವಾಗಿ ತಿಂಡಿ ತಿಂದು ಹನ್ನೊಂದಕ್ಕೆ ಹೊರಟರೆ ಇನ್ನೊಂದು ದಿನದ ಶುಲ್ಕ.

ಮಾರಾವನ್ನು ನೋಡಿಕೊಳ್ಳುವುದು ನಾರೋಕ್ ಕೌಂಟಿ. ನದಿಯ ಪಶ್ಚಿಮಕ್ಕಿರುವ ಮಾರಾ ಟ್ರಯಾಂಗಲ್‌ನ ಉಸ್ತುವಾರಿ 2001ರಿಂದ ಮಾರಾ ಕನ್ಸರ್ವೆನ್ಸಿ ಎಂಬ ಸಂಸ್ಥೆಯದ್ದು. ನಕುರು, ನೈರೋಬಿ ಉದ್ಯಾನಗಳು ಕೆನ್ಯಾ ವನ್ಯಜೀವಿ ಸೇವೆಗೆ ಸೇರಿದವು. ಅಲ್ಲಿನ ದರಪಟ್ಟಿಯೇ ಬೇರೆ, ಗೇಟಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಆನ್‌ಲೈನ್‌ನಲ್ಲಿ ಕಟ್ಟಬೇಕು.

ಕನ್ಸರ್ವೆನ್ಸಿ ಎಂದರೇನು? ಅಷ್ಟು ದುಡ್ಡು ಕೊಡುವಂಥದ್ದೇ?

ಮಾರಾಗೆ ತಾಗಿಕೊಂಡ ಮಸಾಯಿ ಕುಟುಂಬಗಳ ಜಮೀನನ್ನು ಗುತ್ತಿಗೆಗೆ ಪಡೆದು ನಡೆಸುವ ಕಾಡುಗಳು ಇವು: ನಬೋಯಿಶೋ, ಓಲಾರೆ ಮೊಟೊರೊಗಿ, ಮಾರಾ ನಾರ್ತ್ ಮುಂತಾದವು. ನಡುವೆ ಬೇಲಿ ಇಲ್ಲ, ಪ್ರಾಣಿಗಳು ಅವೇ. ಗಾಡಿಗಳ ಸಂಖ್ಯೆಗೆ ಮಿತಿ ಇದೆ, ರಾತ್ರಿ ಸಫಾರಿ ಮತ್ತು ಕಾಲ್ನಡಿಗೆ ಉಂಟು. ದುಬಾರಿ, ಹೌದು. ಆದರೆ ಆಗಸ್ಟ್‌ನಲ್ಲಿ ಒಂದು ಚಿರತೆಯ ಸುತ್ತ ನೆರೆಯುವ ಗಾಡಿಗಳ ಜಾತ್ರೆ ನೋಡಿದವರು ಮುಂದಿನ ಸಲ ಕನ್ಸರ್ವೆನ್ಸಿಯನ್ನೇ ಕೇಳುತ್ತಾರೆ.

ಅಂಬೋಸೆಲಿಯಲ್ಲಿ ಕಿಲಿಮಂಜಾರೊ ಕಾಣುತ್ತದೆಯೇ?

5,895 ಮೀಟರಿನ ಆ ಪರ್ವತ ಇರುವುದು ತಾಂಜಾನಿಯಾದಲ್ಲಿ. ಆನೆಗಳ ಹಿಂದೆ ಅದು ಎದ್ದು ನಿಲ್ಲುವ ನೋಟ ಸಿಗುವುದು ಅಂಬೋಸೆಲಿಯಿಂದ. ಬೆಳಗ್ಗೆ ಆರರಿಂದ ಎಂಟೂವರೆ ಒಳಗೆ ನೋಡಿಬಿಡಿ. ಬಿಸಿಲೇರಿದಂತೆ ಮೋಡ ಸುತ್ತಿಕೊಂಡು ಬೆಟ್ಟವೇ ಮಾಯ. ಕೆಲವು ದಿನ ಸಂಜೆ ಮತ್ತೆ ತೆರೆದುಕೊಳ್ಳುತ್ತದೆ. ಎರಡು ರಾತ್ರಿ ಇರಿ ಎನ್ನುವುದು ಇದಕ್ಕೇ: ಎರಡು ಮುಂಜಾವು ಸಿಗುತ್ತವೆ.

ನಕುರುವೋ, ನೈವಾಶಾವೋ?

ಘೇಂಡಾಮೃಗ ಬೇಕೆಂದರೆ ನಕುರು. ಬಿಳಿ, ಕಪ್ಪು ಎರಡೂ ಜಾತಿ ಅಲ್ಲಿವೆ. ಫ್ಲೆಮಿಂಗೊಗಳಿಗಾಗಿ ಹೋಗುವುದಾದರೆ ನಿರಾಸೆಗೂ ತಯಾರಿರಿ. ಕೆಲವು ವರ್ಷಗಳಿಂದ ಕೆರೆಯ ನೀರು ಏರಿ ಹಳೆಯ ಮುಖ್ಯ ಗೇಟೇ ಮುಳುಗಿತು. ನೀರಿನ ಕ್ಷಾರ ತೆಳುವಾದಾಗ ಅವು ತಿನ್ನುವ ಪಾಚಿ ಕಡಿಮೆಯಾಗುತ್ತದೆ, ಹಕ್ಕಿಗಳು ಉತ್ತರದ ಬೊಗೋರಿಯಾದಂಥ ಕೆರೆಗಳಿಗೆ ಹಾರುತ್ತವೆ. ಕೆರೆಯನ್ನೇ ಗುಲಾಬಿ ಬಣ್ಣದಲ್ಲಿ ತೋರಿಸುವ ಜಾಹೀರಾತು ಚಿತ್ರಗಳು ಬಹುತೇಕ ಹಳೆಯವು.

ನೈವಾಶಾದಲ್ಲಿ ದೋಣಿಯಲ್ಲಿ ಕುಳಿತು ನೀರಾನೆ ನೋಡಬಹುದು. ಪಕ್ಕದ ಹೆಲ್ಸ್ ಗೇಟ್ ಉದ್ಯಾನದಲ್ಲಿ ಬಾಡಿಗೆ ಸೈಕಲ್ ಹಿಡಿದು ಜೀಬ್ರಾ, ಜಿರಾಫೆಗಳ ನಡುವೆ ತುಳಿಯಬಹುದು. ಮೂರು ದಿನ ಗಾಡಿಯಲ್ಲೇ ಕೂತ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ನಿಲ್ದಾಣ ಇನ್ನೊಂದಿಲ್ಲ. ಅಲ್ಲಿನ ಕಮರಿಗೆ ಮಾತ್ರ ಮಳೆ ಬರುವ ಲಕ್ಷಣವಿದ್ದರೆ ಇಳಿಯಬೇಡಿ, ಮೇಲ್ಗಡೆ ಮಳೆಯಾದರೂ ನೀರು ದಿಢೀರ್ ನುಗ್ಗುತ್ತದೆ. ರಾತ್ರಿ ಕೆರೆದಂಡೆಯ ಹೋಟೆಲಿನ ಹುಲ್ಲುಹಾಸಿನಲ್ಲಿ ಒಬ್ಬರೇ ಅಡ್ಡಾಡಬೇಡಿ. ಆ ಹುಲ್ಲು ಮೇಯಲು ನೀರಾನೆ ಬರುತ್ತದೆ.

ನೈರೋಬಿಯಲ್ಲಿ ಒಂದು ದಿನ ಸಿಕ್ಕರೆ?

ಬೆಳಗ್ಗೆ ಆರಕ್ಕೆ ನೈರೋಬಿ ರಾಷ್ಟ್ರೀಯ ಉದ್ಯಾನ: 1946ರಲ್ಲಿ ಆದದ್ದು, 117 ಚದರ ಕಿಲೋಮೀಟರ್, ಹಿನ್ನೆಲೆಯಲ್ಲಿ ನಗರದ ಗೋಪುರಗಳು, ಮುಂದೆ ಘೇಂಡಾಮೃಗ. ಹನ್ನೊಂದರಿಂದ ಹನ್ನೆರಡರವರೆಗೆ ಅದರ ಅಂಚಿನಲ್ಲೇ ಇರುವ ಶೆಲ್ಡ್ರಿಕ್ ಆನೆಮರಿ ಆಶ್ರಯಧಾಮ. ಸಾರ್ವಜನಿಕರಿಗೆ ದಿನಕ್ಕೆ ಆ ಒಂದು ಗಂಟೆ ಮಾತ್ರ, ಮುಂಗಡ ಬುಕಿಂಗ್ ಕಡ್ಡಾಯ. ಜುಲೈ, ಆಗಸ್ಟ್‌ಗೆ ವಿಮಾನದ ಟಿಕೆಟ್ ಜೊತೆಗೇ ಇದನ್ನೂ ಮಾಡಿಬಿಡಿ. ಮಧ್ಯಾಹ್ನ ಜಿರಾಫೆ ಕೇಂದ್ರ. ಈ ಕ್ರಮ ತಲೆಕೆಳಗಾದರೆ ಟ್ರಾಫಿಕ್‌ನಲ್ಲೇ ದಿನ ಮುಗಿಯುತ್ತದೆ.

ಕಡಲತೀರಕ್ಕೆ ರೈಲಿನಲ್ಲಿ ಹೋಗಬಹುದೇ?

ಹೋಗಬಹುದು, ಹೋಗಲೇಬೇಕು. 2017ರಲ್ಲಿ ಶುರುವಾದ ಮದರಾಕ ಎಕ್ಸ್‌ಪ್ರೆಸ್ ನೈರೋಬಿಯಿಂದ ಮೊಂಬಾಸಾಗೆ ಐದಾರು ಗಂಟೆ, ತ್ಸಾವೊ ಕಾಡಿನ ನಡುವೆ. ಹಗಲಿನ ರೈಲು ಹಿಡಿದರೆ ಕೆಂಪು ಧೂಳು ಮೆತ್ತಿಕೊಂಡ ಆನೆಗಳು ಕಿಟಕಿಯಿಂದಲೇ ಕಾಣುವ ಸಂಭವವಿದೆ. ನಿಲ್ದಾಣ ಊರ ಹೊರಗೆ, ಸ್ಯೋಕಿಮಾವು ಬಳಿ. ರೈಲು ಹೊರಡುವ ಒಂದೂವರೆ ಗಂಟೆ ಮೊದಲೇ ತಲುಪಿ: ಬ್ಯಾಗುಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಇಡಿಸಿ, ನಿಮ್ಮನ್ನು ಆಚೆ ನಿಲ್ಲಿಸಿ, ನಾಯಿಯಿಂದ ಮೂಸಿಸುತ್ತಾರೆ, ಆಮೇಲೆ ಎಕ್ಸ್‌ರೇ. ತಡವಾಗಿ ಬಂದವರಿಗೆ ಯಾರೂ ಕಾಯುವುದಿಲ್ಲ.

ಈ ದಾರಿಗೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. 1896ರಿಂದ ಕೆಲವು ವರ್ಷ, ಮೊಂಬಾಸಾದಿಂದ ಹಳೆಯ ಮೀಟರ್ ಗೇಜ್ ಹಳಿ ಹಾಸಲು ಬ್ರಿಟಿಷರು ಭಾರತದಿಂದ ಸುಮಾರು 32,000 ಕೂಲಿಗಳನ್ನು ಒಯ್ದರು. 1898ರಲ್ಲಿ ತ್ಸಾವೊದ ಎರಡು ನರಭಕ್ಷಕ ಸಿಂಹಗಳು ಹಿಡಿದದ್ದು ಅವರನ್ನೇ.

ಮೊಂಬಾಸಾದಲ್ಲಿ ಪೋರ್ಚುಗೀಸರು 1593ರಲ್ಲಿ ಕಟ್ಟಲು ತೊಡಗಿದ ಫೋರ್ಟ್ ಜೀಸಸ್ ಕೋಟೆ, ಹಳೆ ಪೇಟೆಯ ಕೆತ್ತನೆಯ ಬಾಗಿಲುಗಳು. ಅರ್ಧ ದಿನ ಸಾಕು. ಉಳಿಯಲು ದಕ್ಷಿಣದ ಡಿಯಾನಿ ಲೇಸು. ಏಪ್ರಿಲ್, ಮೇನಲ್ಲಿ ಕಡಲತೀರ ಬೇಡ.

ವೀಸಾ ಬೇಕೇ?

2024ರ ಜನವರಿಯಿಂದ ವೀಸಾ ಬದಲು ಇ-ಟಿಎ ಎಂಬ ಆನ್‌ಲೈನ್ ಅನುಮತಿ. ಶುಲ್ಕ 30 ಡಾಲರ್, ಮೇಲೆ ಸ್ವಲ್ಪ ಕಾರ್ಡ್ ಖರ್ಚು. ಕೂಸಿಗೂ ಪ್ರತ್ಯೇಕ ಅರ್ಜಿ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಇರಬೇಕು. ಫೋಟೋ, ವಿಮಾನದ ವಿವರ, ತಂಗುವ ಜಾಗದ ಬುಕಿಂಗ್ ಜೊತೆಗಿರಲಿ. ಮೂರು ಕೆಲಸದ ದಿನ ಎನ್ನುತ್ತಾರೆ, ನೀವು ಎರಡು ವಾರ ಮೊದಲೇ ಹಾಕಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಸೈಟುಗಳು ಇದೇ ಕೆಲಸಕ್ಕೆ ಎರಡು ಮೂರು ಪಟ್ಟು ಕೀಳುತ್ತವೆ. ವಿಳಾಸ ಗೋ ಡಾಟ್ ಕೆಇ ಎಂದು ಮುಗಿಯುತ್ತದೆಯೇ ನೋಡಿಕೊಳ್ಳಿ.

ಹಳದಿ ಜ್ವರದ ಲಸಿಕೆ ಬಿಟ್ಟರೆ ಏನಾಗುತ್ತದೆ?

ಹೋಗುವಾಗ ಅಲ್ಲ, ವಾಪಸ್ ಬರುವಾಗ ಸಿಕ್ಕಿಬೀಳುತ್ತೀರಿ. ಭಾರತದ ಹಳದಿ ಜ್ವರ ಪಟ್ಟಿಯಲ್ಲಿ ಕೆನ್ಯಾ ಇದೆ. ಆ ದೇಶ ಬಿಟ್ಟ ಆರು ದಿನದೊಳಗೆ ಪ್ರಮಾಣಪತ್ರವಿಲ್ಲದೆ ಇಳಿದರೆ ಆರು ದಿನದವರೆಗೆ ಕ್ವಾರಂಟೈನ್. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲೆ ಮಾತ್ರ ಪ್ರಮಾಣಪತ್ರ ಸಿಂಧು. ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಬೇಕು. ಅಲ್ಲಿ ದಿನಗಳು, ಡೋಸುಗಳು ಸೀಮಿತ, ಒಂದೂವರೆ ತಿಂಗಳು ಮೊದಲೇ ವಿಚಾರಿಸಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಗರ್ಭಿಣಿಯರು, ಮೊಟ್ಟೆಗೆ ತೀವ್ರ ಅಲರ್ಜಿ ಇರುವವರು, 60 ದಾಟಿದವರು ವೈದ್ಯರನ್ನು ಕೇಳದೆ ಹಾಕಿಸಬಾರದು. ಒಂಬತ್ತು ತಿಂಗಳೊಳಗಿನ ಕೂಸಿದ್ದರೆ ಪ್ರವಾಸ ಮುಂದೂಡುವುದೇ ವಾಸಿ. ಅಡಿಸ್ ಅಬಾಬಾ ಮೂಲಕ ಹಾರುವವರಿಗೂ ಇದು ನೆನಪಿರಲಿ, ಇಥಿಯೋಪಿಯಾವೂ ಪಟ್ಟಿಯಲ್ಲಿದೆ.

ಮಲೇರಿಯಾ ಮಾತ್ರೆ?

ನೈರೋಬಿಯಲ್ಲಿ ಅಪಾಯ ಕಡಿಮೆ. ಕಡಲತೀರದಲ್ಲಿ ಜಾಸ್ತಿ, ಮಾರಾ, ಅಂಬೋಸೆಲಿಯಲ್ಲೂ ಉಂಟು. ಯಾವ ಮಾತ್ರೆ ಎಂದು ವೈದ್ಯರು ಹೇಳಲಿ. ಬಹುಮಂದಿ ಮಾಡುವ ತಪ್ಪು ಮನೆಗೆ ಬಂದೊಡನೆ ನಿಲ್ಲಿಸುವುದು: ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೂ ನಾಲ್ಕು ವಾರ, ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಏಳು ದಿನ ಮುಂದುವರಿಸಬೇಕು. ಊರಿಗೆ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಮೊದಲ ಮಾತಲ್ಲೇ ಆಫ್ರಿಕಾ ಎಂದು ಹೇಳಿ.

ಸಸ್ಯಾಹಾರಿಗಳಿಗೆ ಕಷ್ಟವಾಗುತ್ತದೆಯೇ?

ಅಷ್ಟೇನಿಲ್ಲ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್, ವೆಸ್ಟ್‌ಲ್ಯಾಂಡ್ಸ್ ಕಡೆ ಗುಜರಾತಿಗಳು ತಲೆಮಾರುಗಳಿಂದ ಇದ್ದಾರೆ, ಶುದ್ಧ ಸಸ್ಯಾಹಾರದ ಹೋಟೆಲುಗಳಿಗೆ ಕೊರತೆ ಇಲ್ಲ. ಕ್ಯಾಂಪುಗಳಿಗೆ ಬುಕಿಂಗ್ ವೇಳೆಯೇ ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡ ಎಂದು ಬಿಡಿಸಿ ಬರೆಯಿರಿ; ಬರೀ ವೆಜ್ ಎಂದರೆ ಸಾಲದು. ಸ್ಥಳೀಯ ಊಟದಲ್ಲಿ ಚಪಾತಿ ಇದೆ, ಹೆಸರುಕಾಳಿನ ಎಂಡೆಂಗು ಇದೆ, ಮೆಕ್ಕೆಜೋಳಕ್ಕೆ ಅವರೆಯಂಥ ಕಾಳು ಸೇರಿಸಿ ಬೇಯಿಸುವ ಗಿತೇರಿ ಇದೆ. ಉಗಾಲಿ ಎಂಬುದು ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಬಿಳಿ, ಗಟ್ಟಿ. ಚೂರು ಮುರಿದು ಬೆರಳಲ್ಲಿ ಗುಳಿ ಮಾಡಿ ಸೊಪ್ಪಿನ ಪಲ್ಯ ಎತ್ತಿಕೊಳ್ಳುತ್ತಾರೆ. ಬೆಳಗಿನ ತಿಂಡಿಗೆ ಉಜಿ ಎಂಬ ಗಂಜಿ ಸಿಕ್ಕರೆ ಬಿಡಬೇಡಿ, ವಿಂಬಿಯ ಉಜಿ ಬೇಕೆಂದು ಕೇಳಿ. ವಿಂಬಿ ಎಂದರೆ ನಮ್ಮ ರಾಗಿಯೇ; ಅದರ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು.

ಬಟ್ಟೆ, ಸಾಮಾನು ಏನೇನು?

ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಬರಿಗೈಯಲ್ಲಿ ಹೋಗಬೇಡಿ. ನೈರೋಬಿ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಮಾರಾದ ಮುಂಜಾವು ಮಡಿಕೇರಿಯ ಡಿಸೆಂಬರಿನಂತೆ. ಸ್ವೆಟರು, ಗಾಳಿ ತಡೆಯುವ ಜರ್ಕಿನ್, ಕಿವಿ ಮುಚ್ಚುವ ಟೋಪಿ ಬೇಕು. ಕಡುನೀಲಿ, ಕಪ್ಪು ಬಟ್ಟೆಗೆ ತ್ಸೆತ್ಸೆ ನೊಣ ಮುತ್ತುತ್ತದೆ. ಮಿಲಿಟರಿ ಮಾದರಿಯ ಬಟ್ಟೆ ಬೇಡವೇ ಬೇಡ. ಪ್ಲಾಸ್ಟಿಕ್ ಕೈಚೀಲಕ್ಕೆ 2017ರಿಂದ ನಿಷೇಧ, ಉದ್ಯಾನಗಳೊಳಗೆ ನೀರಿನ ಪ್ಲಾಸ್ಟಿಕ್ ಬಾಟಲಿಗೂ 2020ರಿಂದ. ಸ್ಟೀಲ್ ಬಾಟಲಿ ಒಯ್ಯಿರಿ. ಡ್ರೋನ್ ಮನೆಯಲ್ಲೇ ಇರಲಿ, ವಿಮಾನ ನಿಲ್ದಾಣದಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ. ಪ್ಲಗ್ಗು ಮೂರು ಚೌಕ ಕಡ್ಡಿಯದ್ದು, ನಮ್ಮದು ಹಿಡಿಸುವುದಿಲ್ಲ. ತಲೆಗೊಂದು 8x42 ದುರ್ಬೀನು ಇರಲಿ. ಇಡೀ ಮನೆಗೆ ಒಂದೇ ಎಂದರೆ ಚೀತಾ ಓಡುವ ಹೊತ್ತಿಗೆ ಜಗಳ. ಉದ್ದ ಲೆನ್ಸಿಗೆ ಖಾಲಿ ಬಟ್ಟೆಚೀಲ ಒಯ್ದು, ನಾರೋಕ್‌ನಲ್ಲಿ ಎರಡು ಕಿಲೋ ಅಕ್ಕಿ ತುಂಬಿ ಛಾವಣಿಯ ಅಂಚಿನ ಮೇಲಿಟ್ಟರೆ ಟ್ರೈಪಾಡ್ ಬೇಕಿಲ್ಲ.

ಆಪರೇಟರ್ ಬಳಿ ಏನು ಕೇಳಬೇಕು?

ಪ್ರವೇಶ ಶುಲ್ಕ ಸೇರಿದೆಯೇ, ಎಷ್ಟು ದಿನಕ್ಕೆ? ಕ್ಯಾಂಪ್ ಗೇಟಿನ ಒಳಗೋ ಹೊರಗೋ, ಯಾವ ಗೇಟು? ಗಾಡಿ ನಮಗೊಬ್ಬರಿಗೋ, ಬೇರೆಯವರ ಜೊತೆಗೋ? ದಿನಕ್ಕೆ ಕಿಲೋಮೀಟರ್ ಮಿತಿ ಇದೆಯೇ? ಇವುಗಳಿಗೆ ಬರಹದಲ್ಲಿ ಉತ್ತರ ಬರದಿದ್ದರೆ ಮುಂಗಡ ಕೊಡಬೇಡಿ. ಕೆನ್ಯಾದ ಪ್ರವಾಸ ಸಂಸ್ಥೆಗಳ ಸಂಘ ಕಾಟೋದ ಸದಸ್ಯತ್ವ ಪರಿಶೀಲಿಸಿ. ಗೈಡುಗಳಿಗೆ ಕಂಚು, ಬೆಳ್ಳಿ, ಚಿನ್ನ ಎಂಬ ಪರೀಕ್ಷಾ ದರ್ಜೆಗಳಿವೆ. ಬೆಳ್ಳಿ ದರ್ಜೆಯ ಗೈಡನ್ನು ಕೇಳಿ ಪಡೆಯುವುದು ಲಾಡ್ಜಿನ ಒಂದು ನಕ್ಷತ್ರ ಹೆಚ್ಚಿಸುವುದಕ್ಕಿಂತ ಮೇಲು. ವಿಮೆಯಲ್ಲಿ ವಿಮಾನದ ಮೂಲಕ ಆಸ್ಪತ್ರೆಗೆ ಸಾಗಿಸುವ ಖರ್ಚು ಇರಲೇಬೇಕು.

ಟಿಪ್ಸ್, ನಗದು?

ಚಾಲಕ-ಗೈಡಿಗೆ ತಲೆಗೆ ದಿನಕ್ಕೆ ಹತ್ತು ಡಾಲರಿನಂತೆ, ಕೊನೆಯ ದಿನ ಒಟ್ಟಿಗೆ. ಹರಿದ, ಗೀಚಿದ, ಹಳೆಯ ಸರಣಿಯ ಡಾಲರ್ ನೋಟು ಯಾರೂ ಮುಟ್ಟುವುದಿಲ್ಲ. ಉಳಿದೆಡೆ ಕೆನ್ಯಾದ ಶಿಲ್ಲಿಂಗ್, ಕಾರ್ಡ್ ಅಥವಾ ಮೊಬೈಲಿನಲ್ಲಿ ಹಣ ಕಟ್ಟುವ ಎಂ-ಪೆಸಾ.

ಇದೇ ಪ್ರವಾಸಕ್ಕೆ ಸೆರೆಂಗೆಟಿಯನ್ನೂ ಸೇರಿಸಬಹುದೇ?

ಮಾರಾದ ಹುಲ್ಲುಗಾವಲೇ ಮುಂದುವರಿದು ಸೆರೆಂಗೆಟಿ ಆಗುತ್ತದೆ, ವೈಲ್ಡ್‌ಬೀಸ್ಟ್‌ಗೆ ಗಡಿ ಇಲ್ಲ. ಪ್ರವಾಸಿಗರು ಮಾತ್ರ ಅಲ್ಲಿಂದ ದಾಟುವಂತಿಲ್ಲ. ಪಶ್ಚಿಮಕ್ಕೆ ಇಸೆಬಾನಿಯಾ ಗಡಿಠಾಣೆಗೆ ಸುತ್ತು ಹಾಕಿ, ಅಲ್ಲಿ ಕೆನ್ಯಾದ ಗಾಡಿ ಬಿಟ್ಟು ತಾಂಜಾನಿಯಾದ ಗಾಡಿ ಹತ್ತಬೇಕು. ಬೇರೆ ವೀಸಾ, ಬೇರೆ ಶುಲ್ಕ, ಹಳದಿ ಜ್ವರದ ಪತ್ರ, ಮತ್ತು ಇಡೀ ಒಂದು ದಿನ. ಹನ್ನೆರಡು ರಾತ್ರಿಗಿಂತ ಕಡಿಮೆ ಇದ್ದರೆ ಅದನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳಿ.